ಅಣ್ಣನ ಗೇಟಿನಾಚೆ ಸರ್ಕಾರ

ಸ್ನೇಹಿತರೇ, ನಮ್ಮಣ್ಣನನ್ನು ಪೊಲೀಸರು ಜೀಪಿಗೆ ಹತ್ತಿಸಿದ ಹಾಗೆ ಕನಸು ಬಿದ್ದು, ಇವತ್ತು ಮೊದಲ ಬಸ್ಸಿಗೇ ಜಾವಗಲ್ ಹತ್ತಿರದ ಅವನ ತೋಟಕ್ಕೆ ಹೋದೆ. ಅಲ್ಲಿ ಪೊಲೀಸರಿರಲಿಲ್ಲ, ದನದ ಡಾಕ್ಟರಿದ್ದರು. ಪಹಣಿಯಲ್ಲಿ ತಪ್ಪಿದ ಒಂದು ಹೆಸರು ಸರಿಮಾಡಿಸಲು ವರ್ಷಗಟ್ಟಲೆ ಅಲೆದು ಸಾಕಾಗಿ, ಅಣ್ಣ ಈಗ "ನನ್ನ ಬೇಲಿಯೊಳಗೆ ಸರ್ಕಾರ ಇಲ್ಲ" ಎಂದು ಗೇಟಿಗೆ ಬೋರ್ಡು ಹಾಕಿದ್ದಾನೆ.

ಪಕ್ಕದೂರಿಗೆ ಕಾಲುಬಾಯಿ ಜ್ವರ ಬಂದಿದೆ. ಅವನಿಗಿರುವುದು ಕೆಂಪಿ ಒಂದೇ ಹಸು. ಲಸಿಕೆ ಹಾಕಬೇಕಾದರೆ ಅದರ ಕಿವಿಗೆ ನಂಬರಿನ ಓಲೆಯನ್ನೂ ಹಾಕಬೇಕಂತೆ.

"ನಾನೇ ಸರ್ಕಾರಕ್ಕೆ ಸೇರ್ದೋನಲ್ಲ, ನನ್ನ ಹಸೂಗ್ಯಾಕ್ರೀ ಸರ್ಕಾರದ ನಂಬರು?" ಅಂದ ಅಣ್ಣ.

"ಜ್ವರ ನಿಮ್ಮ ಬೋರ್ಡು ಓದ್ಕೊಂಡು ವಾಪಸ್ ಹೋಗಲ್ಲ ಯಜಮಾನ್ರೇ," ಅಂದರು ಡಾಕ್ಟರು.

ಅತ್ತಿಗೆ ಕೆಂಪಿಯ ಹಗ್ಗ ಹಿಡಿದು, ಗೇಟು ದಾಟಿಸಿ ರಸ್ತೆಯಲ್ಲಿ ನಿಲ್ಲಿಸಿದರು. "ಇಲ್ಲಿ ಸರ್ಕಾರ ಐತಲ್ಲ, ಹಾಕಿ ಸಾರ್."

ಅಣ್ಣ ಒಳಗಿನಿಂದಲೇ, "ನೋವಾಗ್ದಂಗೆ ಹಾಕ್ರೀ," ಅಂದ.

ಮುಂದಿನ ಲಸಿಕೆ ಆರು ತಿಂಗಳಿಗೆ ಅಂತ ಡಾಕ್ಟರು ಹೇಳಿದ ಹಾಗೆ ನೆನಪು, ಗಾಬರಿಯಲ್ಲಿ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಗೊತ್ತಿದ್ದವರು ತಿಳಿಸಿ. ಅದನ್ನು ಕೇಳೋಕೆ ಅಣ್ಣ ಆಗಲೇ ಎರಡು ಸಲ ಫೋನ್ ಮಾಡಿದ. ಕೇಳಿದ್ದು ತಾನು ಅಂತ ಮಾತ್ರ ಬರೀಬೇಡ ಅಂದಿದ್ದಾನೆ.