ತಕ್ಕಡಿ ಮೇಸ್ತ್ರಿಯ ನಲವತ್ತು ಸಾವಿರ ಷೇರು

ಆ ದಿನ ಬೆಳಗಿನಿಂದ ತಕ್ಕಡಿ ಮೇಸ್ತ್ರಿ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಫೋನು ತೆಗೆಯುವುದು, ಷೇರಿನ ಬೆಲೆ ನೋಡುವುದು, ಜೇಬಿಗೆ ತುರುಕುವುದು, ಮತ್ತೆ ತೆಗೆಯುವುದು. ಮೂವತ್ತೆರಡು ವರ್ಷ ತೂಕದ ಯಂತ್ರ ಮಾಡಿ ಹೆಸರು ಗಳಿಸಿದವನಿಗೆ ಇದೆಂಥ ಗ್ರಹಚಾರ ಎಂದಿರಾ? ಕೇಳಿ.

ನಾಲ್ಕು ತಿಂಗಳ ಹಿಂದೆ ಒಂದು ದೊಡ್ಡ ಕಂಪನಿ ಅವನ ವರ್ಕ್‌ಶಾಪು ಕೊಳ್ಳಲು ಬಂತು. ಅವನಿಗೂ ಮಾರಲೇಬೇಕಿತ್ತು. ಬಲಗೈ ನಡುಗಲು ಶುರುವಾಗಿತ್ತು, ಮಕ್ಕಳಿರಲಿಲ್ಲ, ಆ ಶೆಡ್ಡು ಬಿಟ್ಟರೆ ಗಂಡ ಹೆಂಡತಿಯ ಮುದಿತನಕ್ಕೆ ಬೇರೆ ಗತಿಯಿರಲಿಲ್ಲ. ಕಂಪನಿ ಹಣ ಕೊಡಲಿಲ್ಲ, ತನ್ನದೇ ಷೇರು ಕೊಡುತ್ತೇನೆಂದಿತು. ನಲವತ್ತು ಸಾವಿರ ಷೇರು, ಆವತ್ತಿನ ಬೆಲೆ ಒಂದಕ್ಕೆ ಇನ್ನೂರು.

"ಎಂಬತ್ತು ಲಕ್ಷ ಸರ್!" ಎಂದ ಕಂಪನಿಯ ಆಫೀಸರ್. ಮೇಸ್ತ್ರಿ ಹಿಂದೆಮುಂದೆ ನೋಡದೆ ಸಹಿ ಜಡಿದ.

ಕಾಗದದಲ್ಲಿ ಗಟ್ಟಿಯಾಗಿದ್ದದ್ದು ಷೇರಿನ ಸಂಖ್ಯೆ, ಬೆಲೆಯಲ್ಲ. "ಮೂಟೆ ಎಣಿಸ್ಬೇಡ್ರಯ್ಯಾ, ತೂಗಿ ತಗೊಳ್ಳಿ" ಎಂದು ಗಿರಾಕಿಗಳನ್ನು ಜೀವಮಾನವಿಡೀ ಬೈದ ಮಹಾನುಭಾವ, ತನ್ನ ಸರದಿ ಬಂದಾಗ ಎಣಿಸಿ ತೆಗೆದುಕೊಂಡಿದ್ದ! ಸಹಿಯಾದಂದಿನಿಂದ ಬೆಲೆ ಇಳಿಯುತ್ತಲೇ ಬಂತು. ಕಾಗದದ ಪ್ರಕಾರ ಉಳಿದದ್ದು ಒಂದೇ ದಾರಿ. ವರ್ಕ್‌ಶಾಪು ಕೈ ಬದಲಾಗುವ ದಿನ ಮಧ್ಯಾಹ್ನ ಮೂರಕ್ಕೆ ಮುಂಚೆ, ಬೆಲೆ ನೂರರ ಕೆಳಗಿದ್ದರೆ, ಕಂಪನಿಯ ಆಫೀಸಿಗೆ ಹೋಗಿ ಒಲ್ಲೆ ಎಂದು ಬರೆದುಕೊಡಬಹುದು.

ಆ ದಿನವೇ ಇದು. ಹತ್ತು ಗಂಟೆಗೆ ಬೆಲೆ ತೊಂಬತ್ತಾರು.

ಆಫೀಸರಿಗೆ ಫೋನ್ ಮಾಡಿದ. "ಅರ್ಧನಾದ್ರೂ ನಗದು ಕೊಡಿ ಸ್ವಾಮಿ."

"ಷೇರ್ ಕೊಟ್ರೆ ಮುಗೀತಲ್ಲಾ, ನಗದು ಯಾಕೆ ಖಾಲಿ ಮಾಡ್ಕೋಬೇಕು?" ಆಫೀಸರ್ ನಕ್ಕ. "ನಮ್ಮ ಷೇರು ಚಿನ್ನ ಸರ್, ಇಟ್ಕೊಳ್ಳಿ."

"ಚಿನ್ನ ಆಗಿದ್ರೆ ಅವರೇ ಇಟ್ಕೋತಿದ್ರು" ಎಂದಳು ಹೆಂಡತಿ. "ಹೋಗಿ, ಬೇಡ ಅಂತ ಬರ್ಕೊಟ್ಟು ಬನ್ನಿ."

"ಏರಿದ್ರೆ?"

"ಇಳಿದ್ರೆ?"

ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಬಿಟ್ಟರೆ ಇನ್ನೊಬ್ಬ ಗಿರಾಕಿ ಎಲ್ಲಿ ಸಿಕ್ಕಾನು? ಹಿಡಿದರೆ ನಾಳೆ ಐವತ್ತಕ್ಕೆ ಬಿದ್ದೀತು. ಲೇತ್ ಯಂತ್ರದ ಸುತ್ತ ತಿರುಗಿದ, ಒರೆಸಿದ ಬೆಂಚನ್ನೇ ಮತ್ತೆ ಒರೆಸಿದ. ಹನ್ನೆರಡಕ್ಕೆ ತೊಂಬತ್ತೈದು. ಒಂದೂವರೆಗೆ ತೊಂಬತ್ತೆಂಟು. ಎರಡು ದಾಟಿದ ಮೇಲೆ ಹೆಂಡತಿ ಚಪ್ಪಲಿ ತಂದು ಕಾಲ ಬಳಿ ಕುಕ್ಕಿದಳು. "ನಿಮ್ಮ ಕೈಲಾಗ್ದಿದ್ರೆ ನಾನೇ ಹೋಗ್ತೀನಿ!"

ಮೇಸ್ತ್ರಿ ಓಡಿದ. ಅರವತ್ತೊಂದರ ಮನುಷ್ಯ ಬಸ್ಸಿಗೂ ಕಾಯದೆ ಓಡಿ, ಏದುಸಿರು ಬಿಡುತ್ತಾ ಆಫೀಸರ ಮೇಜಿನ ಮೇಲೆ ಕಾಗದ ಇಟ್ಟಾಗ ಎರಡು ಐವತ್ತು.

ಆಫೀಸರ್ ಕಂಪ್ಯೂಟರ್ ಪರದೆಯನ್ನು ಅವನತ್ತ ತಿರುಗಿಸಿದ. ನೂರೊಂದು.

"ನೂರು ದಾಟಿತಲ್ಲ, ಇದು ಈಗ ನಡೆಯಲ್ಲ ಸರ್. ಆದ್ರೆ ಒಳ್ಳೇದೇ ಆಯ್ತಲ್ಲ, ಏರ್ತಿದೆ!"

"ಹಾಗಾದ್ರೆ ಈಗ್ಲೇ ಮಾರ್ಬಿಡ್ತೀನಿ."

"ಒಂದು ವರ್ಷ ಮಾರೋ ಹಾಗಿಲ್ಲ ಸರ್. ನೀವೇ ಸಹಿ ಹಾಕಿದೀರಿ."

ಮೂರರವರೆಗೆ ಅಲ್ಲೇ ನಿಂತು ಪರದೆ ನೋಡಿದ. ಬೆಲೆ ಇಳಿಯಲೆಂದು, ತನ್ನದೇ ಷೇರಿನ ಬೆಲೆ ಇಳಿಯಲೆಂದು, ಬೇಡಿಕೊಂಡ. ಇಳಿಯಲಿಲ್ಲ.

ಮನೆಯ ಬಾಗಿಲಲ್ಲೇ ಹೆಂಡತಿ ಕೇಳಿದಳು: "ಏನಾಯ್ತು?"

"ಏರ್ತು ಕಣೇ" ಎಂದ ಮೇಸ್ತ್ರಿ, ಮತ್ತು ಗೋಡೆಗೆ ಒರಗಿ ಅತ್ತುಬಿಟ್ಟ.