ಬಂಡೆ ಎಲ್ಲಿಂದ ಸೀಳಿತು

ಹಳಿಯಾಳದ ಹತ್ತಿರದ ಕಲ್ಲು ಕ್ವಾರಿಯಲ್ಲಿ ಅಪ್ಪ ಬಂಡೆ ಸಿಡಿಸುವ ಮದ್ದಿಡಲು ಕುಳಿ ಕೊರೆಯುತ್ತಿದ್ದ. ತೊಂಬತ್ತರ ದಶಕದ ಒಂದು ಮಧ್ಯಾಹ್ನ ಅಲ್ಲಿನ ಕಲ್ಲಿನ ಗೋಡೆ ಕುಸಿಯಿತು. ಅವನ ಜೊತೆಗಾರ ಸತ್ತ. ಅಪ್ಪನ ಬಲಗಾಲು ಜಜ್ಜಿಹೋಯಿತು. ಅಪ್ಪ ತೀರಾ ಅಂಚಿಗೆ ಕುಳಿ ಹೊಡೆದದ್ದೇ ಕಾರಣವೆಂದು ಕ್ವಾರಿಯ ಎಂಜಿನಿಯರ್ ವರದಿ ಬರೆದರು. ಗೋಡೆಗೆ ಆಸರೆಯಾಗಿದ್ದ ಬುಡದ ಮಣ್ಣು ತೆಗೆಸಿದ್ದು ಆ ಎಂಜಿನಿಯರೇ ಎಂದು ಅಪ್ಪ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಸತ್ತವನ ಹೆಂಡತಿ ನಮ್ಮನ್ನು ಕಂಡರೆ ಬೈದು ಮುಖ ತಿರುಗಿಸುತ್ತಿದ್ದಳು. ನನಗಾಗ ಹದಿನಾಲ್ಕು. ಆ ಎಂಜಿನಿಯರನ್ನು ಬಿಡಬಾರದು ಎಂದು ಅಂದೇ ನಿಶ್ಚಯಿಸಿದೆ.

ಸಿವಿಲ್ ಎಂಜಿನಿಯರಿಂಗ್ ಓದಿದ್ದು ಆ ಸಿಟ್ಟಿನಿಂದಲೇ. ಎಂ.ಟೆಕ್‌ನಲ್ಲಿ ಕಂಪ್ಯೂಟರಿನೊಳಗೆ ಬಂಡೆ ಒಡೆಯುವುದನ್ನು ಕಲಿತೆ. ಅಲ್ಲಿ ಬಂಡೆಯೆಂದರೆ ಒಂದಕ್ಕೊಂದು ಅಂಟಿಕೊಂಡ ಸಾವಿರಾರು ಸಣ್ಣ ಗುಂಡುಗಳು. ಭಾರ ತಾಳದೆ ಅಂಟು ಬಿಟ್ಟಲ್ಲಿ ಬಿರುಕು. ಅಂಟೇ ಇಲ್ಲದ ಗುಂಡುಗಳು ಮಣ್ಣು. ನಾನು ಆ ಕ್ವಾರಿಯ ಗೋಡೆಯನ್ನೇ ಕಟ್ಟಿದೆ. ಅಂಟಿನ ಬಲ ಎಷ್ಟೆಂದು ನಾನೇ ಹೇಳಬೇಕಿತ್ತು. ಅಂಕಿ ಬದಲಿಸಿ ಯಾರನ್ನು ಬೇಕಾದರೂ ಅಪರಾಧಿ ಮಾಡಬಹುದಿತ್ತು. ಆಸೆಯಾಯಿತು, ಸುಳ್ಳೇಕೆ. ಆದರೆ ಅವರಿಗೆ ತಪ್ಪಿಸಿಕೊಳ್ಳಲು ಒಂದು ಸಂದಿಯೂ ಸಿಗಬಾರದಲ್ಲ. ಅದೇ ಕ್ವಾರಿಯ ಕಲ್ಲುಗಳನ್ನು ಗೋಣಿಚೀಲದಲ್ಲಿ ತುಂಬಿ, ಬಸ್ಸಿನಲ್ಲಿ ಕಾಲೇಜಿನ ಲ್ಯಾಬಿಗೆ ಒಯ್ದು, ಒತ್ತಿ ಒಡೆದು ಬಲ ಅಳೆದೆ.

ಕಂಪ್ಯೂಟರಿನಲ್ಲಿ ಆ ಲೆಕ್ಕವನ್ನು ಒಂದು ಸಲ ಓಡಿಸಲು ಎರಡು ದಿನ ಬೇಕಿತ್ತು. ಅಪ್ಪನ ಕುಳಿಗಳನ್ನು ವರದಿ ಹೇಳಿದ ಜಾಗದಲ್ಲೇ ಇಟ್ಟೆ. ಗೋಡೆ ನಿಂತಿತು. ಕುಳಿಗಳನ್ನು ಬಿಟ್ಟು ಬುಡದ ಮಣ್ಣಷ್ಟೇ ತೆಗೆದೆ. ಬಿರುಕು ಕೆಳಗಿನಿಂದ ಮೇಲೇರಿ ಇಡೀ ಗೋಡೆ ಮಗುಚಿತು.

ಆ ಎಂಜಿನಿಯರ್ ನಿವೃತ್ತರಾಗಿ ದಾಂಡೇಲಿಯಲ್ಲಿದ್ದರು. ನನ್ನ ಪ್ರಾಜೆಕ್ಟ್ ಮಂಡನೆಗೆ ಅವರನ್ನೇ ಅತಿಥಿಯಾಗಿ ಕರೆಸಿದೆ. ನಾನು ಯಾರ ಮಗಳೆಂದು ಹೇಳಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಅವರ ವರದಿಯನ್ನು ಗಟ್ಟಿಯಾಗಿ ಓದಿ, ಪರದೆಯ ಮೇಲೆ ಬಂಡೆ ಬೀಳಿಸಿದೆ.

"ಅಂಕಿ ನೀನ ಹಾಕಿದ್ದಲ್ಲೇನವಾ? ನಿನಗ ಬೇಕಾದಂಗ ಬೀಳತೈತಿ," ಎಂದರು.

"ಕಲ್ಲು ನಿಮ್ಮ ಕ್ವಾರೀದ ಐತ್ರಿ ಸರ್. ಒಡದ ತುಂಡು ಇಲ್ಲೇ ಅದಾವು, ನೋಡ್ರಿ. ಅವತ್ತ ಕುಳಿ ಕೊರದಾವ ನಮ್ಮಪ್ಪ."

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. "ಬುಡಾ ತಗಸು ಅಂತ ಮ್ಯಾಲಿನವರು ಹೇಳಿದ್ರು..."

"ಹಂಗಾರ ತಗಸಿದ್ದು ಖರೇ ಏನ್ರಿ?"

ಎಲ್ಲರೂ ನೋಡುತ್ತಿದ್ದಂತೆ ಎದ್ದು ಹೋದರು. ನನಗೆ ಕನಿಕರ ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಮರುದಿನ ಊರಿಗೆ ಹೋಗಿ, ಅಪ್ಪನಿಗೆ ಎಲ್ಲ ಹೇಳಿ, ಸತ್ತವನ ಹೆಂಡತಿಗೆ ಕಂಪ್ಯೂಟರಿನಲ್ಲಿ ಗೋಡೆ ಬಿದ್ದ ಚಿತ್ರಗಳನ್ನು ತೋರಿಸಿದೆ.

"ಅಂವ ಒಪ್ಪಿಕೊಂಡನೇನ?" ಎಂದಳು.

"ಮಂದಿ ಮುಂದನ ಬಾಯಿ ಬಿಟ್ಟಾನ, ಕಾಕಿ."

ಅವಳು ಚಪ್ಪಲಿಯನ್ನೂ ಮೆಟ್ಟದೆ ನಮ್ಮ ಮನೆಗೆ ನಡೆದಳು. "ಅಣ್ಣಾ, ಇಷ್ಟ ವರ್ಷ ನಿನ್ನ ಸುಮ್ಮನ ಬೈದ್ನಿ," ಎಂದು ಬಾಗಿಲಲ್ಲೇ ಕುಸಿದು ಕುಳಿತಳು. ಅಪ್ಪ ಅವಳಿಗೆ ನೀರು ಕೊಡಿಸಿ, ನನ್ನತ್ತ ತಿರುಗಿದ.

"ಎದ್ದು ಹೋಗುವಾಗ ಅವನ ಮಾರಿ ಹೆಂಗಾಗಿತ್ತು? ಇನ್ನೊಮ್ಮೆ ಹೇಳು."

ಹೇಳಿದೆ. ಆ ವಾರವೆಲ್ಲ ಕೇಳಿದಾಗಲೆಲ್ಲ ಹೇಳಿದೆ.