ಬಿಷಪ್ ಸ್ವಾಮಿಗಳು ನಮ್ಮ ಹೊಸ್ತಿಲು ದಾಟದ ದಿನ

ನಮ್ಮ ಧರ್ಮಪ್ರಾಂತ್ಯದ ಬಿಷಪ್ಪರ ಚರಿತ್ರೆಯನ್ನು ಚರ್ಚಿನ ಸ್ಮರಣ ಸಂಚಿಕೆಗೆ ಬರೆದುಕೊಡಿ ಎಂದು ಶಿಡ್ಲಘಟ್ಟದ ಫಾದರ್ ಹೇಳಿದ್ದಾರೆ. ನಿವೃತ್ತ ಮೇಷ್ಟ್ರು ಕಣ್ಣಿಗೆ ಬಿದ್ದರೆ ಯಾರೂ ಸುಮ್ಮನೆ ಬಿಡುವುದಿಲ್ಲ. ಯಾರು ಯಾವಾಗ ಪಟ್ಟಕ್ಕೆ ಬಂದರು, ಚಿಂತಾಮಣಿಗೆ ಯಾವಾಗ ಭೇಟಿ ಕೊಟ್ಟರು, ಗೌರಿಬಿದನೂರಿನಲ್ಲಿ ಯಾವುದಕ್ಕೆ ಅಡಿಗಲ್ಲು ಇಟ್ಟರು, ಎಲ್ಲಕ್ಕೂ ದಾಖಲೆ ಇದೆ. ಒಬ್ಬರ ಹೆಸರು ಬಂದಾಗ ಮಾತ್ರ ಪೆನ್ನು ನಿಲ್ಲುತ್ತದೆ. ಅವರನ್ನು ನನ್ನ ಅಮ್ಮ ಬಾಗಿಲಲ್ಲೇ ತಡೆದಿದ್ದಳು.

ನಾನಾಗ ಏಳನೇ ಕ್ಲಾಸು. ದಿಬ್ಬೂರಹಳ್ಳಿ ಹತ್ತಿರದ ನಮ್ಮೂರಲ್ಲಿ ಅಪ್ಪ ಉಪದೇಶಿ. ಫಾದರ್ ಬರದ ಭಾನುವಾರ ಜಪ ಹೇಳಿಸುವವರು. ನಮ್ಮಂಥ ಮಕ್ಕಳಿಗೆ ದೃಢೀಕರಣ ಸಂಸ್ಕಾರ ಕೊಡಲು ಬಂದಿದ್ದ ಬಿಷಪ್ ಸ್ವಾಮಿಗಳನ್ನು, ಮನೆ ಆಶೀರ್ವದಿಸಿ ಎಂದು, ಪೂಜೆ ಮುಗಿದದ್ದೇ ನೇರವಾಗಿ ಕರೆತಂದರು. ಅಪ್ಪನ ಕಾಲು ನೆಲದ ಮೇಲಿರಲಿಲ್ಲ.

ನಮ್ಮದು ಒಂದೇ ಕೋಣೆಯ ಮನೆ. ರೇಷ್ಮೆ ಹುಳುವಿನ ತಟ್ಟೆಗಳ ನಡುವೆಯೇ ನಮ್ಮ ಸಂಸಾರ. ಹುಳು ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದಿದ್ದವು, ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕು. ಆ ದಿನಗಳಲ್ಲಿ ಬೀಡಿ, ಊದುಬತ್ತಿ, ಸೆಂಟು, ಯಾವ ವಾಸನೆಯೂ ಒಳಗೆ ಬರುವಂತಿಲ್ಲ. ವಾಸನೆ ಬಡಿದರೆ ಹುಳು ಸೊಪ್ಪು ಮುಟ್ಟುವುದಿಲ್ಲ. ಅಮ್ಮ ಮುಡಿದ ಹೂವನ್ನೂ ಹೊರಗೆ ತೆಗೆದಿಟ್ಟೇ ಹೋಗುತ್ತಿದ್ದಳು. ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ಸಂಭ್ರಮದಲ್ಲಿ ಮರೆತಿದ್ದರು. ಸ್ವಾಮಿಗಳ ಬಿಳಿ ನಿಲುವಂಗಿ ಸಾಂಬ್ರಾಣಿಯಿಂದ ಘಮ್ಮೆನ್ನುತ್ತಿತ್ತು.

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ತಪ್ಪು ತಿಳ್ಕೋಬೇಡಿ ಸ್ವಾಮಿ. ಹುಳ ಇದೆ, ಒಳಕ್ಕೆ ಬರ್ಬೇಡಿ."

ಅಪ್ಪನ ಮುಖ ಕಪ್ಪಿಟ್ಟಿತು. ಸ್ವಾಮಿಗಳು ತಮ್ಮ ತೋಳನ್ನು ತಾವೇ ಮೂಸಿ ನೋಡಿ ನಕ್ಕರು. "ನಿಜ ಕಣಮ್ಮ. ಇನ್ನೊಂದು ಸಾರಿ ಬರ್ತೀನಿ," ಎಂದು ಬೀದಿಯಲ್ಲೇ ನಿಂತು ಕೈಯೆತ್ತಿ ಆಶೀರ್ವದಿಸಿ, ಕಾರು ಹತ್ತಿದರು.

ಅಪ್ಪ ಎಂಟು ದಿನ ಅಮ್ಮನ ಜೊತೆ ಮಾತು ಬಿಟ್ಟರು. ಊರು ಬಿಟ್ಟೀತೇ, ಬಿಷಪ್ಪರನ್ನೇ ವಾಪಸ್ ಕಳಿಸಿದವಳು ಎಂದು ಆಡಿಕೊಂಡಿತು. ಗೂಡು ಮಾತ್ರ ಎಂದೂ ಇಲ್ಲದಷ್ಟು ಚೆನ್ನಾಗಿ ಬಂತು. ಅಮ್ಮನಿಗೆ ಹೆದರಿಕೆ ಶುರುವಾದದ್ದೇ ಆಗ. "ಬೆಳೆ ಹೋಗಿದ್ರೆ ಶಿಕ್ಷೆ ಆಯ್ತು ಅನ್ಕೋಬೋದಿತ್ತು ಕಣಪ್ಪ. ಇಷ್ಟು ಚೆನ್ನಾಗಿ ಬಂತಲ್ಲ, ದೇವ್ರು ಇನ್ನೇನೋ ಇಟ್ಕೊಂಡವ್ನೆ," ಅನ್ನುತ್ತಿದ್ದಳು. ಪ್ರತಿ ವರ್ಷ ಈಸ್ಟರಿಗೆ ಮುಂಚೆ ಪಾಪನಿವೇದನೆಯಲ್ಲಿ ಇದನ್ನೇ ಹೇಳಿಕೊಳ್ಳುತ್ತಿದ್ದಳಂತೆ. ಅದು ಪಾಪವಲ್ಲಮ್ಮ ಎಂದು ಹೇಳಿ ಹೇಳಿ ಫಾದರ್‌ಗಳೇ ಸೋತರು.

ಸ್ವಾಮಿಗಳಿಗೆ ಮತ್ತೆ ನಮ್ಮೂರಿಗೆ ಬರಲಾಗಲಿಲ್ಲ. ವಯಸ್ಸಾಗಿ ಪಟ್ಟ ಬಿಟ್ಟರು. ಇತ್ತ ಅಪ್ಪ ತೀರಿಕೊಂಡರು, ನಾವೂ ಹುಳು ಸಾಕುವುದನ್ನು ನಿಲ್ಲಿಸಿದೆವು. ಆ ಇಕ್ಕಟ್ಟಿನ ಮನೆ, ರಾತ್ರಿಯಿಡೀ ಸೊಪ್ಪು ಮೇಯುವ ಚರಚರ ಸದ್ದು ನನಗೆ ಈಗಲೂ ಬೇಕೆನಿಸುತ್ತದೆ. ಈಗಿನ ಮನೆಯಲ್ಲಿ ಅಷ್ಟು ಒಳ್ಳೆಯ ನಿದ್ದೆ ಬರುವುದಿಲ್ಲ.

ಸ್ವಾಮಿಗಳು ತೀರಿಹೋದ ಸುದ್ದಿ ಬಂದಾಗ ಅಮ್ಮ ನೋಡಲೇಬೇಕೆಂದು ಹಟ ಹಿಡಿದಳು. ಮಂಡಿನೋವಿನಲ್ಲೇ ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆದೊಯ್ದೆ. ದರ್ಶನಕ್ಕೆ ಉದ್ದನೆಯ ಸಾಲು. ಎಲ್ಲರೂ ಕೈಮುಗಿದು ಮುಂದಕ್ಕೆ ಸಾಗುತ್ತಿದ್ದರು. ಅಮ್ಮ ಪೆಟ್ಟಿಗೆಯ ಅಂಚು ಹಿಡಿದು ನಿಂತುಬಿಟ್ಟಳು. ಬಗ್ಗಿ, ಮಲಗಿದ್ದವರನ್ನು ಎಬ್ಬಿಸುವ ಮೆಲುದನಿಯಲ್ಲಿ ಹೇಳಿದಳು:

"ಸ್ವಾಮಿ, ಈಗ ಮನೇಲಿ ಹುಳ ಇಲ್ಲ. ಬನ್ನಿ."